ಮೇಳದ ದಿನ ಸಂಜೆ ಹಾಲು ಕರೆಯೋರು ಯಾರು?



ಕೃಷಿ ಮೇಳದ ದಿನಗಳು ಹತ್ತಿರ ಬರುತ್ತಿವೆ. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿ ಕೃಷಿ ವಿಶ್ವವಿದ್ಯಾನಿಲಯ ಪ್ರತಿ ವರ್ಷ ನಡೆಸುವ ಈ ಮೇಳ ಸಾಮಾನ್ಯವಾಗಿ ನವೆಂಬರ್ ಸುಮಾರಿಗೆ ನಾಲ್ಕು ದಿನ ಇರುತ್ತದೆ. ನಿಮ್ಮ ಊರಿನಿಂದಲೂ ಗುಂಪು ಕಟ್ಟಿಕೊಂಡು ಹೋಗಿಬರುವವರು ಇದ್ದೇ ಇರುತ್ತಾರೆ. ಒಂದು ಪ್ರಶ್ನೆ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಇಲ್ಲಿಯವರೆಗೆ ನಿಮ್ಮ ಮನೆಯಿಂದ ಮೇಳಕ್ಕೆ ಹೋದವರು ಯಾರು? ಅದರಲ್ಲಿ ನೀವು ಎಷ್ಟು ಸಲ ಹೋಗಿದ್ದೀರಿ?

ಸಂಘದ ಸಭೆಗಳಲ್ಲಿ ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಸಿಗುವ ಉತ್ತರ ಒಂದೇ. "ನಾವು ಹೋದ್ರೆ ಹಾಲು ಕರೆಯೋರು ಯಾರು ಡಾಕ್ಟ್ರಮ್ಮ?" ಮೊದಲೆಲ್ಲ ಈ ಮಾತು ಕೇಳಿ ನಾನೂ ನಿಮ್ಮ ಜೊತೆ ನಕ್ಕು ಸುಮ್ಮನಾಗುತ್ತಿದ್ದೆ. ಹೋದ ವರ್ಷ ನಮ್ಮಮ್ಮನನ್ನು ಮೇಳಕ್ಕೆ ಕರೆದುಕೊಂಡು ಹೋದ ಮೇಲೆ ಆ ನಗು ನಿಂತಿದೆ. ಆ ದಿನದ ಸಂತೋಷ, ಸಂಕಟ ಎರಡನ್ನೂ ನಿಮ್ಮ ಮುಂದೆ ಇಡುತ್ತೇನೆ. ಆಮೇಲೆ ನನ್ನ ಅಭಿಪ್ರಾಯ ಹೇಳುತ್ತೇನೆ. ಸರಿಯೋ ತಪ್ಪೋ ನೀವೇ ತೂಗಿ ನೋಡಿ.

ಹೊರಟಿದ್ದು

ನಮ್ಮೂರು ಚಿಕ್ಕಬಳ್ಳಾಪುರದ ಕಡೆ. ಅಮ್ಮನಿಗೆ ಎರಡು ಮಿಶ್ರತಳಿ ಹಸು, ಒಂದು ಪಡ್ಡೆ. ನಾನು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿದವಳು. ಅಲ್ಲಿಂದ ಜಿಕೆವಿಕೆ ಕೆಲವೇ ಕಿಲೋಮೀಟರ್ ದೂರ. ಓದುವಾಗ ಗೆಳತಿಯರ ಜೊತೆ ಮೇಳಕ್ಕೆ ತಪ್ಪದೇ ಹೋಗುತ್ತಿದ್ದೆ. ಪ್ರತಿ ಸಲ ಅಮ್ಮನನ್ನೂ ಕರೆಯುತ್ತಿದ್ದೆ. "ನೀನು ನೋಡ್ಕೊಂಡು ಬಂದು ಹೇಳು ಮಗ, ಹಸು ಬಿಟ್ಟು ಎಲ್ಲಿಗೆ ಬರಲಿ" ಅನ್ನುತ್ತಿದ್ದರು. ನನ್ನ ಓದಿಗೆ ದುಡ್ಡು ಕೊಟ್ಟಿದ್ದು ಆ ಹಸುಗಳ ಹಾಲು. ಆ ಹಾಲು ಕರೆದ ಕೈಗೆ ಮಾತ್ರ ಮೇಳ ಹದಿನೈದು ವರ್ಷ ಬರೀ ಬಾಯಿಮಾತಾಗಿ ಉಳಿಯಿತು.

ಹೋದ ವರ್ಷ ಹಠ ಹಿಡಿದೆ. ನಾನು, ನಮ್ಮ ಯಜಮಾನರು, ಎಂಟು ವರ್ಷದ ಮಗಳು, ಅಮ್ಮ ಹೋಗುವುದು. ಅಪ್ಪ ಮನೆಯಲ್ಲಿರುವುದು. "ಸಂಜೆ ನೀವು ಬರೋದು ಲೇಟಾದ್ರೆ ನಾನೇ ಕರೀತೀನಿ ಬಿಡು" ಅಂದರು ಅಪ್ಪ. ಅಮ್ಮ ಬೆಳಗ್ಗೆ ನಾಲ್ಕೂವರೆಗೇ ಎದ್ದು ಸಗಣಿ ಬಾಚಿ, ಹಾಲು ಕರೆದು, ಡೇರಿಗೆ ಹಾಕಿ, ಮಧ್ಯಾಹ್ನಕ್ಕೆ ಬೇಕಾದ ಮೇವನ್ನು ಹೊರೆ ಕಟ್ಟಿಟ್ಟು, ಹಿಂಡಿಯನ್ನು ಎರಡು ಬಕೆಟ್‌ಗೆ ಅಳೆದಿಟ್ಟರು. ಬಸ್ಸು ಹತ್ತಿದ ಮೇಲೂ ಅಪ್ಪನಿಗೆ ಎರಡು ಸಲ ಫೋನ್ ಮಾಡಿದರು. ಒಂದು ಸಲ ನೀರು ಕುಡಿಸಲು, ಇನ್ನೊಂದು ಸಲ ಗೌರಿಯನ್ನು ನೆರಳಿಗೆ ಕಟ್ಟಲು.

ಮೇಳದಲ್ಲಿ ಕಂಡ ಅಮ್ಮ

ಒಳಗೆ ಹೋದ ಮೇಲೆ ನಾನು ಕಂಡ ಅಮ್ಮ ಬೇರೆಯೇ. ರಾಗಿ ತಾಕುಗಳ ಮುಂದೆ ನಿಂತವರು ಜಪ್ಪಯ್ಯ ಅಂದರೂ ಅಲುಗಲಿಲ್ಲ. ನಮ್ಮ ಹೊಲದಲ್ಲಿ ಬೆಳೆಯುವ ಜಿಪಿಯು-28 ರಾಗಿ ಇದೇ ಜಾಗದಿಂದ ಬಂದಿದ್ದು ಎಂದಾಗ, "ನಮ್ಮನೆ ರಾಗಿಯ ತವರುಮನೆ ಅನ್ನು" ಅಂದರು. ಎಲ್ಲರೂ ತೆನೆ ನೋಡಿದರೆ ಅಮ್ಮ ಕಡ್ಡಿ ಹಿಡಿದು ಹಿಸುಕಿ ನೋಡುತ್ತಿದ್ದರು. ಹುಲ್ಲು ಹಸು ತಿನ್ನುವಂತಿದೆಯೋ, ಒರಟಾಗಿದೆಯೋ ಎಂಬ ಲೆಕ್ಕ ಅದು. ಹಸು ಸಾಕುವ ಹೆಣ್ಣುಮಗಳ ಕಣ್ಣು ತೆನೆಗಿಂತ ಮೊದಲು ಹುಲ್ಲಿಗೆ ಹೋಗುತ್ತದೆ ಎಂಬುದನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಜಾನುವಾರು ಇದ್ದ ಕಡೆ ಜನವೋ ಜನ. 2021ರ ಮೇಳದಲ್ಲಿ ಕೋಟಿ ರೂಪಾಯಿ ಬೆಲೆಯ ಹಳ್ಳಿಕಾರ್ ಹೋರಿ ಎಂದು ಪತ್ರಿಕೆ, ಟಿವಿಯಲ್ಲೆಲ್ಲ ಸುದ್ದಿಯಾಗಿದ್ದು ನಿಮಗೆ ನೆನಪಿರಬಹುದು. ಆಮೇಲಿಂದ ಹೋರಿಗಳ ಜೊತೆ ಸೆಲ್ಫಿ ತೆಗೆಸಿಕೊಳ್ಳುವವರ ಸಾಲು ಕರಗುವುದೇ ಇಲ್ಲ. ನನ್ನ ಮಗಳೂ ಹಠ ಮಾಡಿ ಅರ್ಧ ಗಂಟೆ ನಿಲ್ಲಿಸಿದಳು. ಅಮ್ಮ ಹೋರಿಯನ್ನು ತಲೆಯಿಂದ ಬಾಲದವರೆಗೆ ನೋಡಿ, "ಚೆನ್ನಾಗೈತೆ. ಇದರ ಸಗಣಿ ಬಾಚೋರು ಯಾರಂತೆ?" ಅಂದರು. ಪಕ್ಕದಲ್ಲಿದ್ದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು.

ಆ ದಿನದ ದೊಡ್ಡ ಸಂತೋಷ ಮಾತ್ರ ಒಂದು ಚರ್ಚೆಯ ಪೆಂಡಾಲಿನಲ್ಲಿ ಸಿಕ್ಕಿತು. ಮೇವಿನ ಬಗ್ಗೆ ಮಾತು ನಡೆಯುತ್ತಿತ್ತು. ಅಮ್ಮ ಎದ್ದು ನಿಂತು ಮೈಕ್ ತೆಗೆದುಕೊಂಡರು. ಹುಟ್ಟಿದಾಗಿನಿಂದ ಮೈಕ್ ಹಿಡಿದವರಲ್ಲ. "ಮಳೆಗಾಲದಾಗೆ ಹಸಿ ಮೇವು ಹೊಟ್ಟೆ ತುಂಬ ಹಾಕ್ತೀವಿ, ಹಾಲೂ ಜಾಸ್ತಿ ಬರ್ತದೆ. ಆದ್ರೆ ಡೇರಿಲಿ ಫ್ಯಾಟ್ ಮಾತ್ರ ಬೀಳ್ತದೆ. ಯಾಕೆ ಸ್ವಾಮಿ?" ಎಂದು ಕೇಳಿದರು. ಉತ್ತರ ಸರಳವಾಗಿತ್ತು. ಎಳೆಯ ಹಸಿ ಮೇವಿನಲ್ಲಿ ನೀರು ಹೆಚ್ಚು, ನಾರು ಕಡಿಮೆ. ಹಾಲಿನಲ್ಲಿ ಕೊಬ್ಬು ತಯಾರಾಗಲು ಹಸುವಿನ ಹೊಟ್ಟೆಗೆ ನಾರು ಬೇಕು. ಹಸಿ ಮೇವು ಎಷ್ಟೇ ಇರಲಿ, ದಿನಕ್ಕೆ 4ರಿಂದ 5 ಕೆಜಿ ರಾಗಿ ಹುಲ್ಲನ್ನೋ ಜೋಳದ ಒಣ ಕಡ್ಡಿಯನ್ನೋ ಜೊತೆಗೆ ಕೊಡಿ ಎಂದರು.

ಈ ಉತ್ತರ ನನಗೂ ಗೊತ್ತಿತ್ತು. ನೂರಾರು ಸಭೆಗಳಲ್ಲಿ ನಾನೇ ಹೇಳಿದ್ದೇನೆ. ಆದರೆ ಅಮ್ಮ ನನ್ನನ್ನು ಎಂದೂ ಕೇಳಿರಲಿಲ್ಲ, ನಾನು ಎಂದೂ ಹೇಳಿರಲಿಲ್ಲ. ನಾಲ್ಕು ಜನರ ಮುಂದೆ ತಾವೇ ಕೇಳಿ ಪಡೆದ ಉತ್ತರವನ್ನು ಅಮ್ಮ ಮಾರನೆಯ ದಿನದಿಂದಲೇ ಕೊಟ್ಟಿಗೆಯಲ್ಲಿ ಜಾರಿಗೆ ತಂದರು.

ಬೇಸರವಾಗಿದ್ದು

ಎಲ್ಲ ಕಡೆಯೂ ಹಾಗಿರಲಿಲ್ಲ. ಹಾಲು ಕರೆಯುವ ಯಂತ್ರದ ಒಂದು ಖಾಸಗಿ ಮಳಿಗೆಗೆ ಹೋದೆವು. ಅಲ್ಲಿದ್ದ ಹುಡುಗ ನೇರವಾಗಿ ನಮ್ಮ ಯಜಮಾನರನ್ನು ನೋಡಿ, "ಸರ್, ಎಷ್ಟು ಹಸು ಕಟ್ಟಿದ್ದೀರಾ?" ಎಂದ. ನಮ್ಮವರು ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ಹಸುವಿನ ಹತ್ತಿರ ನಿಲ್ಲಲೂ ಹೆದರುತ್ತಾರೆ. "ನನ್ನನ್ನಲ್ಲ, ನಮ್ಮ ಅತ್ತೆಯವರನ್ನು ಕೇಳಿ" ಅಂದರು. ಹುಡುಗ ಒಮ್ಮೆ ಅಮ್ಮನ ಕಡೆ ನೋಡಿ ಮತ್ತೆ ನಮ್ಮವರಿಗೇ ಬೆಲೆ, ಸಬ್ಸಿಡಿ, ಕಂತು ಎಲ್ಲ ವಿವರಿಸಿದ. ಅಮ್ಮ ಸುಮ್ಮನೆ ಯಂತ್ರದ ರಬ್ಬರ್ ಬಟ್ಟಲಿಗೆ ಹೆಬ್ಬೆರಳು ಹಾಕಿ ಹಿಡಿತ ಎಷ್ಟಿದೆ ಎಂದು ನೋಡುತ್ತಿದ್ದರು. ಯಂತ್ರ ಕೊಳ್ಳುವ ಮೊದಲು ಮಾಡಬೇಕಾದ ಸರಿಯಾದ ಪರೀಕ್ಷೆ ಅದೇ. ಹುಡುಗ ಅದನ್ನು ಗಮನಿಸಲೇ ಇಲ್ಲ.

ಮಗಳನ್ನು ಶೌಚಾಲಯಕ್ಕೆ ಕರೆದುಕೊಂಡು ಹೋಗಿ ಬರುವಷ್ಟರಲ್ಲಿ ಇನ್ನೊಂದು ಎಡವಟ್ಟು. ನಮ್ಮವರು ಬೇರೊಂದು ಮಳಿಗೆಯಲ್ಲಿ 850 ರೂಪಾಯಿ ಕೊಟ್ಟು "ಹಾಲು ಹೆಚ್ಚಿಸುವ ಪುಡಿ" ಕೊಂಡಿದ್ದರು. ವಾರದೊಳಗೆ ಮೂರು ಲೀಟರ್ ಜಾಸ್ತಿಯಾಗುತ್ತದೆ ಎಂದು ಹೇಳಿದರಂತೆ. ಅತ್ತೆಗೆ ಏನಾದರೂ ಕೊಡಿಸಬೇಕೆಂಬ ಪ್ರೀತಿ, ಪಾಪ. ಪೊಟ್ಟಣ ತಿರುಗಿಸಿ ನೋಡಿದರೆ ಒಳಗೆ ಏನಿದೆ ಎಂದು ಬರೆದಿಲ್ಲ, ತಯಾರಾದ ದಿನಾಂಕವಿಲ್ಲ. ಅಂಥ ಪೊಟ್ಟಣ ಯಾರು ಕೊಟ್ಟರೂ ಹಸುವಿನ ಬಾಯಿಗೆ ಹಾಕಬೇಡಿ. ಹಾಲು ಕೊಡುವ ಹಸುವಿಗೆ ಬೇಕಾದ್ದು ಹಳೆಯ ಲೆಕ್ಕವೇ. ದೇಹ ಪೋಷಣೆಗೆ ದಿನಕ್ಕೆ ಸುಮಾರು 2 ಕೆಜಿ, ಮೇಲೆ ಕೊಡುವ ಪ್ರತಿ ಲೀಟರ್ ಹಾಲಿಗೆ 400 ಗ್ರಾಂ ಪಶು ಆಹಾರ, 50 ಗ್ರಾಂ ಖನಿಜ ಮಿಶ್ರಣ, ಹಸಿ ಮೇವು, ಒಣ ಮೇವು, ಯಾವಾಗ ಬೇಕಾದರೂ ಕುಡಿಯಲು ಶುದ್ಧ ನೀರು. ಪಶು ಆಹಾರ, ಖನಿಜ ಮಿಶ್ರಣ ಎರಡೂ ನಿಮ್ಮ ಸಂಘದಲ್ಲೇ ಸಿಗುತ್ತವೆ. ಅದಕ್ಕೆ ಮೇಳದವರೆಗೆ ಹೋಗಬೇಕಿಲ್ಲ.

ಆ ಸಂಜೆ

ಮಧ್ಯಾಹ್ನ ಮೂರಕ್ಕೆ ಹೊರಡಬೇಕು ಎಂದುಕೊಂಡಿದ್ದೆವು. ಸೆಲ್ಫಿ, ಊಟ, ಮಗಳಿಗೆ ಐಸ್‌ಕ್ರೀಮ್ ಎಂದು ಐದಾಯಿತು. ಬಳ್ಳಾರಿ ರಸ್ತೆಯಲ್ಲಿ ವಾಹನಗಳ ಸಾಲು. ನಾಲ್ಕೂವರೆಯಾದ ಮೇಲೆ ಅಮ್ಮನಿಗೆ ಯಾವುದೂ ಕಾಣುತ್ತಿರಲಿಲ್ಲ, ಕೈ ಗಡಿಯಾರ ಒಂದೇ. ಮನೆ ಸೇರಿದಾಗ ರಾತ್ರಿ ಎಂಟೂಕಾಲು.

ಅಪ್ಪ ಮಾತಿಗೆ ತಪ್ಪಿರಲಿಲ್ಲ. ಐದೂವರೆಗೆ ಬಕೆಟ್ ಹಿಡಿದು ಕೂತಿದ್ದರು. ಆದರೆ ಗೌರಿಗೆ ಅಪ್ಪನ ಕೈ ಪರಿಚಯವಿಲ್ಲ. ಮೂವತ್ತು ವರ್ಷದಿಂದ ಆ ಮನೆಯಲ್ಲಿ ಮೇವು ತರುವವರು ಅಪ್ಪ, ಕರೆಯುವವರು ಅಮ್ಮ. ಗೌರಿ ಒದ್ದಳು, ಹಾಲು ಎಳೆದುಕೊಂಡಳು. ಆರು ಲೀಟರ್ ಕೊಡುವ ಹೊತ್ತಿನಲ್ಲಿ ಎರಡು ಲೀಟರ್ ಮಾತ್ರ ಬಂತು. ಅಮ್ಮ ಮೇಳಕ್ಕೆ ಉಟ್ಟ ಸೀರೆಯಲ್ಲೇ, ಕಾಲಿನ ಚಪ್ಪಲಿಯನ್ನೂ ಬಿಡದೆ ಕೊಟ್ಟಿಗೆಗೆ ಓಡಿ ಉಳಿದದ್ದನ್ನು ಕರೆಯಲು ಕೂತರು. ಅಷ್ಟು ಹೊತ್ತಿಗೆ ಗೌರಿಯೂ ಕೆಟ್ಟಿದ್ದಳು, ಅಮ್ಮನೂ ಸುಸ್ತಾಗಿದ್ದರು. ಹಾಲು ಪೂರ್ತಿ ಬರಲಿಲ್ಲ.

ಮೂರನೆಯ ದಿನ ಬೆಳಗ್ಗೆ ಹಿಂದಿನ ಎಡ ತೊಟ್ಟಿನಲ್ಲಿ ಹಾಲು ಗಡ್ಡೆಗಡ್ಡೆಯಾಗಿ ಬಂತು. ಕೆಚ್ಚಲು ಬಾವು. ಚಿಕಿತ್ಸೆಯ ದಿನಗಳು, ಅದರ ಮೇಲೆ ಔಷಧದ ಅಂಶ ಹಾಲಿನಿಂದ ಹೋಗುವವರೆಗೆ ಕಾಯುವ ದಿನಗಳು, ಎಲ್ಲ ಸೇರಿ ಒಂಬತ್ತು ದಿನ ಗೌರಿಯ ಹಾಲು ಡೇರಿಗೆ ಹೋಗಲಿಲ್ಲ. ದಿನಕ್ಕೆ 12 ಲೀಟರ್ ಎಂದರೆ 108 ಲೀಟರ್.

ವೈದ್ಯೆಯಾಗಿ ಒಂದು ಮಾತು ಸೇರಿಸಬೇಕು. ಆ ಒಂದು ಸಂಜೆಯಿಂದಲೇ ಬಾವು ಬಂತು ಎಂದು ನಾನು ಹೇಳುವುದಿಲ್ಲ. ಹೊರಗೆ ಕಾಣದ ಬಾವು ಮೊದಲೇ ಇದ್ದಿರಬಹುದು. ಕೆಚ್ಚಲಲ್ಲಿ ಉಳಿದ ಹಾಲು ಅದನ್ನು ಮೇಲೆಬ್ಬಿಸಿತು. ನನಗೆ ನೋವಾಗಿದ್ದು 108 ಲೀಟರ್‌ಗಲ್ಲ. ಅಮ್ಮ ಗೌರಿಯ ಬೆನ್ನು ಸವರುತ್ತಾ, "ನಾನು ಜಾತ್ರೆ ನೋಡೋಕೆ ಹೋಗಿದ್ದಕ್ಕೆ ಹಿಂಗಾಯ್ತು. ಇನ್ನು ಎಲ್ಲಿಗೂ ಕರೀಬೇಡ" ಎಂದಿದ್ದಕ್ಕೆ.

ಹದಿನೈದು ವರ್ಷಕ್ಕೊಮ್ಮೆ ಮನೆಯಿಂದ ಹೊರಗೆ ಹೋದ ಹೆಂಗಸು ಆ ಒಂದು ದಿನಕ್ಕಾಗಿ ತನ್ನನ್ನೇ ಬೈದುಕೊಂಡರು. ಈ ಲೇಖನ ಬರೆಯಲು ಕಾರಣ ಆ ಮಾತು.

ನನ್ನ ಅಭಿಪ್ರಾಯ

ತಪ್ಪು ಅಮ್ಮ ಮೇಳಕ್ಕೆ ಹೋಗಿದ್ದಲ್ಲ. ಅಪ್ಪನದ್ದೂ ಅಲ್ಲ, ಅವರು ಕೈಲಾದದ್ದು ಮಾಡಿದರು. ಒಂದು ಮನೆಯ ಇಡೀ ಹಾಲು ಒಬ್ಬರದೇ ಎರಡು ಕೈಗಳ ಮೇಲೆ ನಿಂತಿದ್ದು ತಪ್ಪು. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ. ಊರೂರಿನಲ್ಲಿ ಸ್ವಚ್ಛ ಹಾಲು ಉತ್ಪಾದನೆಯ ತರಬೇತಿ ಕೊಡುವ ನಾನು, ನನ್ನ ತವರಿನಲ್ಲಿ ಎರಡನೆಯವರಿಗೆ ಹಾಲು ಕರೆಯಲು ಕಲಿಸಿರಲಿಲ್ಲ.

"ಮೇಳದಲ್ಲಿ ಏನಿದೆ, ಎಲ್ಲ ಮೊಬೈಲ್‌ನಲ್ಲೇ ಬರ್ತದೆ" ಎನ್ನುವವರಿದ್ದಾರೆ. "ಗಂಡಸರು ಹೋಗಿ ಬಂದು ಹೇಳ್ತಾರಲ್ಲ" ಎನ್ನುವವರೂ ಇದ್ದಾರೆ. ಹೋಗಿ ಬಂದವರು ಹೇಳುತ್ತಾರೆ, ನಿಜ. ಆದರೆ ಅವರು ಟ್ರ್ಯಾಕ್ಟರ್ ನೋಡಿರುತ್ತಾರೆ, ಡ್ರೋನ್ ನೋಡಿರುತ್ತಾರೆ. ಮಳೆಗಾಲದಲ್ಲಿ ಫ್ಯಾಟ್ ಯಾಕೆ ಬೀಳುತ್ತದೆ ಎಂದು ಕೇಳಬೇಕೆಂದು ಅನ್ನಿಸುವುದು ದಿನಾ ಬೆಳಗ್ಗೆ ಡೇರಿಯ ಚೀಟಿ ಹಿಡಿದು ಬರುವವರಿಗೆ. ಹಾಲು ಕರೆಯುವವರು ಹೋಗದಿದ್ದರೆ ಆ ಪ್ರಶ್ನೆಯನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಯಂತ್ರ ಮಾರುವ ಹುಡುಗನೂ ಮುಂದಿನ ವರ್ಷ ಮತ್ತೆ ಗಂಡಸರ ಮುಖವನ್ನೇ ನೋಡಿ ಮಾತಾಡುತ್ತಾನೆ.

ಅದಕ್ಕೆ ಮೂರು ಮಾತು ಹೇಳುತ್ತೇನೆ.

ಮೊದಲನೆಯದು ಮನೆಗೆ. ಪ್ರತಿ ಮನೆಯಲ್ಲೂ ಹಾಲು ಕರೆಯಲು ಬರುವ ಎರಡನೆಯವರು ಇರಲೇಬೇಕು. ಗಂಡ, ಮಗ, ಮಗಳು, ಅತ್ತೆ, ಯಾರಾದರೂ ಸರಿ. ಮೇಳದ ದಿನ ಬೆಳಗ್ಗೆ ಹೇಳಿಕೊಟ್ಟರೆ ಆಗುವುದಿಲ್ಲ, ಕನಿಷ್ಠ ಹದಿನೈದು ದಿನ ಮೊದಲೇ ಶುರು ಮಾಡಿ. ಮೊದಲ ಕೆಲವು ದಿನ ಅವರು ಹಿಂಡಿ ಇಟ್ಟು ಹಸುವಿನ ಪಕ್ಕ ನಿಲ್ಲಲಿ, ಮಾತಾಡಿಸಲಿ. ಆಮೇಲೆ ಕೆಚ್ಚಲು ತೊಳೆದು ಒರೆಸಲಿ. ಆಮೇಲೆ ನೀವು ಅರ್ಧ ಕರೆದು ಉಳಿದದ್ದು ಅವರು ಕರೆಯಲಿ. ಕೆಚ್ಚಲು ತೊಳೆದು ಒರೆಸಿದ ಸುಮಾರು ಒಂದು ನಿಮಿಷಕ್ಕೆ ಹಾಲು ಇಳಿಯುತ್ತದೆ. ಹಾಗೆ ಇಳಿಸುವ ಹಾರ್ಮೋನಿನ ಕೆಲಸ ಐದರಿಂದ ಏಳು ನಿಮಿಷ ಮಾತ್ರ. ಹಸು ಹೆದರಿದರೆ ಅದೂ ನಿಂತುಹೋಗುತ್ತದೆ. ಆದ್ದರಿಂದ ಹೊಸಬರು ಬೈಯಬಾರದು, ಹೊಡೆಯಬಾರದು. ಹೆಬ್ಬೆರಳು ಮಡಚಿ ಕರೆಯದೆ ಮುಷ್ಟಿ ಹಿಡಿದು ಕರೆಯಲು ಕಲಿಸಿ. ಕೊನೆಯ ಹಾಲಿನವರೆಗೂ ಕರೆಯಲು ಹೇಳಿ. ಫ್ಯಾಟ್ ಹೆಚ್ಚಿರುವುದು ಕೊನೆಯ ಹಾಲಿನಲ್ಲೇ. ಕರೆದ ಮೇಲೆ ತೊಟ್ಟುಗಳನ್ನು ಔಷಧದಲ್ಲಿ ಅದ್ದಿ, ಮುಂದೆ ಮೇವು ಹಾಕಿ ಅರ್ಧ ಗಂಟೆ ಹಸು ನಿಂತಿರುವಂತೆ ನೋಡಿಕೊಳ್ಳಲಿ. ತೊಟ್ಟಿನ ತೂತು ಮುಚ್ಚಿಕೊಳ್ಳಲು ಅಷ್ಟು ಹೊತ್ತು ಬೇಕು.

ಇದು ಮೇಳಕ್ಕೆ ಮಾತ್ರವಲ್ಲ. ನಿಮಗೆ ಜ್ವರ ಬಂದಾಗ, ಮಗಳ ಬಾಣಂತನಕ್ಕೆ ಹೋದಾಗ, ತವರಿನಲ್ಲಿ ಸಾವಾದಾಗಲೂ ಹಸು ಸಂಜೆ ಐದಕ್ಕೆ ಕೂಗುತ್ತದೆ.

ಎರಡನೆಯದು ಊರಿಗೆ. ಮನೆಯಲ್ಲಿ ಇನ್ನೊಬ್ಬರು ಇಲ್ಲದವರೂ ಇದ್ದೀರಿ, ಗೊತ್ತಿದೆ. ನಮ್ಮ ಹಿರಿಯರು ನಾಟಿಗೆ, ಕಳೆಗೆ, ಕೊಯ್ಲಿಗೆ ಮುಯ್ಯಾಳು ಮಾಡುತ್ತಿದ್ದರು. ಇವತ್ತು ನಿನ್ನ ಹೊಲ, ನಾಳೆ ನನ್ನ ಹೊಲ. ಹಾಲಿಗೂ ಯಾಕೆ ಮುಯ್ಯಿ ಬೇಡ? ಮೇಳ ಒಂದೇ ದಿನದ್ದಲ್ಲ. ಅರ್ಧ ಜನ ಒಂದು ದಿನ ಹೋಗಲಿ, ಇನ್ನರ್ಧ ಮಾರನೆಯ ದಿನ. ಉಳಿದವರು ಹೋದವರ ಹಸು ನೋಡಿಕೊಳ್ಳಲಿ. ಆದರೆ ಪಕ್ಕದ ಮನೆಯಾಕೆ ಒಂದು ವಾರ ಮೊದಲೇ ಬಂದು ನಿಮ್ಮ ಹಸುವಿನ ಪರಿಚಯ ಮಾಡಿಕೊಂಡಿರಲಿ. ಮೊದಲು ಕೈ ಸೋಪಿನಲ್ಲಿ ತೊಳೆದುಕೊಂಡೇ ಕರೆಯಲಿ, ಒಂದು ಕೊಟ್ಟಿಗೆಯ ಬಾವು ಇನ್ನೊಂದಕ್ಕೆ ಹೋಗದಿರಲಿ.

ಮೂರನೆಯದು ಸಂಘಕ್ಕೂ ಒಕ್ಕೂಟಕ್ಕೂ. ಮೇಳಕ್ಕೆ ಬಸ್ಸು ಗೊತ್ತು ಮಾಡುವುದಾದರೆ ಅದರ ವೇಳೆ ಹಾಲಿನ ವೇಳೆಗೆ ಹೊಂದಬೇಕು. ಬೆಳಗಿನ ಹಾಲು ಹಾಕಿದ ಮೇಲೆ ಎಂಟೂವರೆಗೆ ಹೊರಟು, ಮಧ್ಯಾಹ್ನ ಎರಡೂವರೆಗೆ ಅಲ್ಲಿಂದ ತಿರುಗಬೇಕು. ಸೀಟುಗಳನ್ನು ಮೊದಲು ಹಾಲು ಕರೆಯುವವರಿಗೆ ಕೊಡಬೇಕು. ಸಂಘದ ಪುಸ್ತಕದಲ್ಲಿ ಹೆಸರು ಯಾರದೇ ಇರಲಿ, ಕರೆಯುವ ಕೈ ಯಾರದು ಎಂದು ಕಾರ್ಯದರ್ಶಿಗಳಿಗೆ ಚೆನ್ನಾಗಿ ಗೊತ್ತಿರುತ್ತದೆ. ಇದನ್ನು ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ನೀವೇ ಎತ್ತಿ. ಹೆಂಗಸರಿಗೆ ಸಾಕಷ್ಟು ಶೌಚಾಲಯ, ಒಂದು ಗಳಿಗೆ ಕೂರಲು ನೆರಳು ಬೇಕೆಂದು ಮೇಳ, ಜಾತ್ರೆ ನಡೆಸುವ ಎಲ್ಲರನ್ನೂ ನಾವು ಕೇಳಬೇಕು. ಶೌಚಾಲಯ ಹುಡುಕಬೇಕಾಗುತ್ತದೆ ಎಂದು ಬೆಳಗಿನಿಂದ ನೀರು ಕುಡಿಯದೆ ಇರುವ ಹೆಂಗಸರನ್ನು ನಾನು ಎಲ್ಲ ಕಡೆ ನೋಡಿದ್ದೇನೆ.

ಹೋಗಿ ಬಂದ ಮೇಲೆ ಒಂದು ಎಚ್ಚರಿಕೆ. ನೂರಾರು ಜಾನುವಾರು ಸೇರುವ ಕಡೆಯಿಂದ ಬಂದವರು ಆ ಬಟ್ಟೆ, ಚಪ್ಪಲಿಯಲ್ಲಿ ಕೊಟ್ಟಿಗೆಗೆ ಕಾಲಿಡಬೇಡಿ. ಅಮ್ಮ ಹಾಗೆ ಓಡಿದಾಗ ತಡೆಯಬೇಕಿದ್ದವಳು ನಾನು, ತಡೆಯಲಿಲ್ಲ. ಕಾಲುಬಾಯಿ ರೋಗದ ವೈರಾಣು ಬಟ್ಟೆ, ಚಪ್ಪಲಿಗೆ ಅಂಟಿಕೊಂಡೂ ಬರುತ್ತದೆ. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ಜಾನುವಾರು ಜಾತ್ರೆ, ಸಂತೆಗಳನ್ನೇ ನಿಲ್ಲಿಸಬೇಕಾಗಿ ಬಂದದ್ದು ನೆನಪಿರಲಿ. ಮೊದಲು ಸ್ನಾನ, ಬೇರೆ ಬಟ್ಟೆ. ಚಪ್ಪಲಿಯನ್ನು 10 ಲೀಟರ್ ನೀರಿಗೆ 400 ಗ್ರಾಂ ವಾಷಿಂಗ್ ಸೋಡಾ ಕರಗಿಸಿ ತೊಳೆಯಿರಿ. ಕಾಲುಬಾಯಿ ಲಸಿಕೆಯನ್ನು ಆರು ತಿಂಗಳಿಗೊಮ್ಮೆ ತಪ್ಪದೇ ಹಾಕಿಸಿ.

ಈ ವರ್ಷ ನಮ್ಮ ಮನೆಯಲ್ಲಿ ಏನಾಗಿದೆ ಎಂದು ನೀವು ಕೇಳಬಹುದು. ಯುಗಾದಿ ಕಳೆದ ಮೇಲಿಂದ ಭಾನುವಾರ ಸಂಜೆಯ ಹಾಲು ಅಪ್ಪನದು. ಮೊದಲ ತಿಂಗಳು ಗೌರಿ ಎರಡು ಸಲ ಬಕೆಟ್ ಒದ್ದಳು, ಅಪ್ಪ ಒಂದು ಸಲ ಸಿಟ್ಟು ಮಾಡಿಕೊಂಡು ಎದ್ದುಹೋದರು. ಈಗ ಐದೂವರೆ ಲೀಟರ್‌ಗೆ ಮೋಸವಿಲ್ಲ. ಉಳಿದ ಅರ್ಧ ಲೀಟರ್ ಅಮ್ಮನಿಗೆ ಮಾತ್ರ ಕೊಡುತ್ತಾಳಂತೆ, ಅಪ್ಪನ ದೂರು.

"ಇನ್ನು ಎಲ್ಲಿಗೂ ಕರೀಬೇಡ" ಎಂದಿದ್ದ ಅಮ್ಮ ಮೊನ್ನೆ ಫೋನ್ ಮಾಡಿದ್ದರು. ಊರಿನ ಆರು ಜನ ಹೆಂಗಸರು ಸೇರಿ ಮೇಳಕ್ಕೆ ಹೊರಡುವ ಮಾತಾಗಿದೆ. ಈ ಸಲ ಕೇಳಬೇಕಾದ ಪ್ರಶ್ನೆಗಳನ್ನು ಮೊಮ್ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆಸಿಟ್ಟಿದ್ದಾರೆ. ಹಾಲು ಕರೆಯುವ ಯಂತ್ರ ಎರಡು ಹಸುವಿಗೆ ಕಟ್ಟುತ್ತದೆಯೇ, ಇಲ್ಲವೇ ಎಂಬುದು ಮೊದಲನೆಯದು.

ನಿಮ್ಮ ಪ್ರಶ್ನೆಗಳನ್ನೂ ಬರೆದಿಟ್ಟುಕೊಳ್ಳಿ. ಇವತ್ತು ಸಂಜೆ ಕರೆಯಲು ಕೂರುವಾಗ ಮನೆಯವರಲ್ಲಿ ಒಬ್ಬರನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ.

ನಿಮ್ಮ ಪಶುವೈದ್ಯಾಧಿಕಾರಿ